ತಾಲ್ಲೂಕು ಆಸ್ಪತ್ರೆಯ ಕುಟುಂಬ ಯೋಜನೆ ವಿಭಾಗ: ಬಳಸಿದವಳ ವಿಮರ್ಶೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಗರ್ಭನಿರೋಧಕ ಸೇವೆಯ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಬಹುಮಟ್ಟಿಗೆ ಇಲಾಖೆಯ ಕರಪತ್ರಗಳೇ. ಏನೇನು ಸಿಗುತ್ತದೆ ಎಂಬುದು ಅವುಗಳಲ್ಲಿ ಇರುತ್ತದೆ. ಅದನ್ನು ಪಡೆಯಲು ಹೋದ ಹೆಣ್ಣಿಗೆ ಅಲ್ಲಿ ಏನಾಗುತ್ತದೆ ಎಂಬುದು ಇರುವುದಿಲ್ಲ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಕುಟುಂಬ ಯೋಜನೆ ವಿಭಾಗವನ್ನು ನಾನು ಮೊದಲ ಹೆರಿಗೆಯಿಂದ ಈಚೆಗೆ ಬಳಸುತ್ತ ಬಂದಿದ್ದೇನೆ, ಇನ್ನು ಮುಂದೆಯೂ ಬಳಸುತ್ತೇನೆ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಇಲ್ಲಿ ಹೇಳುವ ಒಳ್ಳೆಯದು ಕೆಟ್ಟದ್ದೆರಡೂ ಅದೊಂದೇ ಆಸ್ಪತ್ರೆಯದಲ್ಲ ಎಂದು ಬೇರೆ ಬೇರೆ ಊರುಗಳ ಗೆಳತಿಯರ ಮಾತಿನಿಂದ ನನಗೆ ತಿಳಿದಿದೆ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ: ಅಲ್ಲಿ ಕೊಡುವ ಸಾಧನಗಳು ಯಾವ ಖಾಸಗಿ ನರ್ಸಿಂಗ್ ಹೋಮಿನವಕ್ಕೂ ಕಡಿಮೆಯಲ್ಲ. ಆದರೆ ಸಾಧನದ ಜತೆಗೆ ಕೊಡಲೇಬೇಕಾದ ತಿಳಿವಳಿಕೆಯ ಮಾತನ್ನು ಒಂದು ದಿನ ಕೊಡುತ್ತಾರೆ, ಇನ್ನೊಂದು ದಿನ ಕೊಡುವುದಿಲ್ಲ, ಮತ್ತು ಆ ಮಾತು ಸಿಗದ ಹೆಂಗಸು ಸಾಧನವನ್ನೂ ಬಿಟ್ಟುಬಿಡುತ್ತಾಳೆ.

ಮೊದಲು ಸಾಧನಗಳ ವಿಷಯ. ಮಾಲಾ-ಎನ್ ಮಾತ್ರೆ, ಛಾಯಾ ಮಾತ್ರೆ, ಅಂತರಾ ಚುಚ್ಚುಮದ್ದು, ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ನಿರೋಧ್, ತುರ್ತು ಮಾತ್ರೆ, ಇವೆಲ್ಲವೂ ಹಣವಿಲ್ಲದೆ ಸಿಗುತ್ತವೆ. ಹಳೆಯ ತಲೆಮಾರಿನವರು 'ವಂಕಿ' ಎಂದು ಕರೆಯುವುದೂ ಕಾಪರ್-ಟಿಯನ್ನೇ. ಇವುಗಳಲ್ಲಿ ನಾನು ಹಾಲುಣಿಸುವ ದಿನಗಳಲ್ಲಿ ಛಾಯಾ ಮಾತ್ರೆಯನ್ನೂ ಎರಡನೆಯ ಹೆರಿಗೆಯ ಬಳಿಕ ಕಾಪರ್-ಟಿಯನ್ನೂ ಬಳಸಿದ್ದೇನೆ.

ಛಾಯಾ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ಇದು ನಮ್ಮ ದೇಶದಲ್ಲೇ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಔಷಧ. ಆದರೂ ಇದರ ಹೆಸರು ಕೇಳದ ವಿದ್ಯಾವಂತ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅಂಗಡಿಯಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಸಿಗುವುದೂ ಇದೇ ಔಷಧ. ಇದರಲ್ಲಿ ಹಾರ್ಮೋನು ಇಲ್ಲ, ಆದ್ದರಿಂದ ಎದೆಹಾಲು ಕುಡಿಸುವ ತಾಯಿಗೂ ಕೊಡಬಹುದು. ದಿನವೂ ನುಂಗುವ ಹಾರ್ಮೋನಿನ ಮಾತ್ರೆ ಮಾಲಾ-ಎನ್ ಆದರೆ ಮಗುವಿಗೆ ಆರು ತಿಂಗಳು ತುಂಬುವ ತನಕ ಕಾಯಬೇಕು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಮಾತ್ರೆ, ಆಮೇಲೆ ವಾರಕ್ಕೆ ಒಂದೇ. ಮುಟ್ಟಿನ ಮೊದಲ ದಿನ ಭಾನುವಾರವಾಗಿದ್ದರೆ ಅಂದು ಒಂದು ಮಾತ್ರೆ, ಬುಧವಾರ ಇನ್ನೊಂದು, ಹೀಗೆ ಮೂರು ತಿಂಗಳು ನಡೆಸಿ ಬಳಿಕ ಭಾನುವಾರಕ್ಕೆ ಮಾತ್ರ ನಿಲ್ಲಬೇಕು. ದಿನವೂ ಮಾತ್ರೆ ನುಂಗುವುದನ್ನು ಮರೆಯುವವರಿಗೆ ಇದು ಅನುಕೂಲ, ಆದರೆ ಈ ಎರಡು ಹಂತದ ಲೆಕ್ಕವನ್ನು ಯಾರಾದರೂ ಕುಳಿತು ವಿವರಿಸಿದರೆ ಮಾತ್ರ. ನನಗೆ ವಿವರಿಸಿದವರು ನಮ್ಮ ಊರಿನ ಆಶಾ ಕಾರ್ಯಕರ್ತೆ. ಗೋಡೆಯ ಕ್ಯಾಲೆಂಡರ್ ಇಳಿಸಿ, ಪೆನ್ನಿನಿಂದ ಭಾನುವಾರ ಬುಧವಾರಗಳಿಗೆ ಸುತ್ತುಹಾಕಿ, ಮೂರನೆಯ ತಿಂಗಳು ಮುಗಿಯುವಲ್ಲಿ ಅಡ್ಡಗೆರೆ ಎಳೆದು, "ಈ ಗೆರೆ ದಾಟಿದ ಮೇಲೆ ಬುಧವಾರ ಬೇಡ ಅಕ್ಕ, ಮುಟ್ಟು ತಡವಾಗಿ ಬಂದ್ರೆ ಗಾಬರಿ ಆಗ್ಬೇಡಿ, ಹದಿನೈದು ದಿನ ದಾಟಿದ್ರೆ ನನ್ನ ಕರೀರಿ" ಎಂದು ಹೇಳಿ ಹೋದರು. ಛಾಯಾ ತೆಗೆದುಕೊಳ್ಳುವವರಲ್ಲಿ ಮುಟ್ಟು ಮುಂದಕ್ಕೆ ಹೋಗುವುದು ಸಾಮಾನ್ಯ; ಅದು ತಿಳಿಯದ ಹೆಂಗಸು ಪ್ರತಿ ತಿಂಗಳೂ ಗರ್ಭ ನಿಂತಿತೆಂದು ಹೆದರಿಯೇ ಮಾತ್ರೆ ಬಿಡುತ್ತಾಳೆ. ಆ ಆಶಾ ಕಾರ್ಯಕರ್ತೆಯ ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ, ಮತ್ತು ಅವರಿಗೆ ಸಿಗುವ ಗೌರವಧನ ಆ ಕೆಲಸಕ್ಕೆ ತೀರಾ ಕಡಿಮೆ ಎಂಬುದನ್ನೂ ಇಲ್ಲೇ ಬರೆದಿಡುತ್ತೇನೆ.

ಛಾಯಾದ ಒಂದು ತೊಂದರೆ ದಾಸ್ತಾನಿನದು. ಕೆಲವೊಮ್ಮೆ ಔಷಧ ವಿತರಣೆ ಕಿಟಕಿಯಲ್ಲಿ "ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬನ್ನಿ" ಎಂಬ ಉತ್ತರ ಬರುತ್ತದೆ. ಜ್ವರದ ಮಾತ್ರೆಯನ್ನು ಹೊರಗೆ ಕೊಂಡು ನುಂಗಬಹುದು. ಮನೆಯಲ್ಲಿ ಯಾರಿಗೂ ತಿಳಿಯದಂತೆ ಗರ್ಭನಿರೋಧಕ ಬಳಸುವ ಹೆಂಗಸಿಗೆ ಮುಂದಿನ ವಾರ ಮತ್ತೊಂದು ನೆಪ ಹುಡುಕಿ ಬರುವುದು ಸುಲಭವಲ್ಲ. ಸಂತಾನ ನಿಯಂತ್ರಣದ ಮಾತ್ರೆ ಮತ್ತು ನಿರೋಧ್ ತಯಾರಿಸುವ ಕೇಂದ್ರ ಸರ್ಕಾರದ ಉದ್ಯಮ ಎಚ್‌ಎಲ್‌ಎಲ್‌ನ ಒಂದು ಕಾರ್ಖಾನೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೇ ಇದೆ. ತಯಾರಿಕೆ ಇಷ್ಟು ಹತ್ತಿರವಿರುವಾಗ ತಾಲ್ಲೂಕಿನ ಕಿಟಕಿಯಲ್ಲಿ ಕೊರತೆಯಾಗುವುದನ್ನು ನಾನು ಒಪ್ಪಲಾರೆ.

ಅಂತರಾ ಚುಚ್ಚುಮದ್ದನ್ನು ನಾನು ತೆಗೆದುಕೊಂಡಿಲ್ಲ, ಆದರೆ ನಾನು ಪಾಠ ಹೇಳುವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳೊಬ್ಬರ ಅನುಭವ ನನಗೆ ಚೆನ್ನಾಗಿ ಗೊತ್ತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮೂರು ತಿಂಗಳಿಗೊಮ್ಮೆ ತೋಳಿಗೋ ಸೊಂಟದ ಕೆಳಗೋ ಕೊಡುವ ಈ ಚುಚ್ಚುಮದ್ದು 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಗಂಡನಿಗಾಗಲಿ ಅತ್ತೆಗಾಗಲಿ ತಿಳಿಯದಂತೆ ಬಳಸಬಹುದಾದ ವಿಧಾನಗಳಲ್ಲಿ ಇದು ಮುಖ್ಯವಾದದ್ದು, ಅದಕ್ಕಾಗಿಯೇ ಅವರು ಅದನ್ನು ಆರಿಸಿಕೊಂಡದ್ದು. ಇದನ್ನು ತೆಗೆದುಕೊಂಡವರಿಗೆ ಮೊದಲ ತಿಂಗಳುಗಳಲ್ಲಿ ಮುಟ್ಟು ಅಡ್ಡಾದಿಡ್ಡಿಯಾಗುತ್ತದೆ, ಕೆಲವರಿಗೆ ಪೂರ್ತಿ ನಿಂತೇ ಹೋಗುತ್ತದೆ, ಮತ್ತು ಅದು ರೋಗವಲ್ಲ. ಅವರಿಗೆ ಚುಚ್ಚುಮದ್ದು ಕೊಟ್ಟ ದಿನ ಇದನ್ನು ಯಾರೂ ಹೇಳಲಿಲ್ಲ. ಮುಂದಿನ ತಾರೀಕು ಬರೆದ ಕಾರ್ಡನ್ನು ಕೈಗಿಟ್ಟು ಕಳಿಸಿದರು. ಮುಟ್ಟು ನಿಂತಿತು. "ಕೆಟ್ಟ ರಕ್ತ ಒಳಗೇ ಉಳ್ಕೊಂಡು ಗಡ್ಡೆ ಆಗುತ್ತೆ ಅಂತ ಅಕ್ಕಪಕ್ಕದೋರೆಲ್ಲ ಹೇಳಿದ್ರು ಟೀಚರ್, ನಂಗೆ ನಿದ್ದೆನೇ ಬರ್ಲಿಲ್ಲ" ಎಂದು ಅವರು ನನ್ನ ಬಳಿ ಹೇಳುವ ಹೊತ್ತಿಗೆ ಎರಡನೆಯ ಡೋಸಿನ ತಾರೀಕು ದಾಟಿಹೋಗಿತ್ತು. ತಾರೀಕು ದಾಟಿದರೂ ನಾಲ್ಕು ವಾರದೊಳಗೆ ಹೋದರೆ ಮುಂದಿನ ಡೋಸ್ ಹಾಕುತ್ತಾರೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ಅವರು ಚುಚ್ಚುಮದ್ದು ಬಿಟ್ಟರು, ಬೇರೆ ಯಾವುದನ್ನೂ ಹಿಡಿಯಲಿಲ್ಲ, ಮರುವರ್ಷ ಬಸುರಾದರು, ಆ ಹೆರಿಗೆಯಲ್ಲೇ ಸಂತಾನಹರಣದ ಆಪರೇಷನ್ ಮಾಡಿಸಿಕೊಂಡರು. ಆಸ್ಪತ್ರೆಯ ದಾಖಲೆಯಲ್ಲಿ ಅವರು 'ಅಂತರಾ ಬಿಟ್ಟವರು' ಎಂಬ ಒಂದು ಸಂಖ್ಯೆಯಾಗಿ ಉಳಿದಿರಬಹುದು. ನನ್ನ ದೃಷ್ಟಿಯಲ್ಲಿ ಅವರು ಬಿಟ್ಟದ್ದಲ್ಲ, ಅವರ ಕೈಯನ್ನು ಆಸ್ಪತ್ರೆ ಬಿಟ್ಟದ್ದು.

ಇದು ಒಬ್ಬರ ಕಥೆಯಷ್ಟೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆಧುನಿಕ ಗರ್ಭನಿರೋಧಕ ಬಳಸುತ್ತಿರುವ ಹೆಂಗಸರಲ್ಲಿ ಅಡ್ಡಪರಿಣಾಮಗಳ ಬಗ್ಗೆ ಯಾರಿಂದಲಾದರೂ ಕೇಳಿ ತಿಳಿದವರು ಶೇ 62.4ರಷ್ಟು ಮಂದಿ. ಉಳಿದವರು ತಮ್ಮ ದೇಹದೊಳಗೆ ಹೋದದ್ದು ಏನು ಮಾಡಬಹುದೆಂದು ತಿಳಿಯದೆಯೇ ಅದನ್ನು ಬಳಸುತ್ತಿದ್ದಾರೆ. ಏನನ್ನೂ ಬಳಸದ ಹೆಂಗಸರಲ್ಲಿ ಆರೋಗ್ಯ ಕಾರ್ಯಕರ್ತರು ಎಂದಾದರೂ ಈ ವಿಷಯ ಮಾತಾಡಿದ್ದು ಶೇ 23.9 ಮಂದಿಯ ಜತೆ ಮಾತ್ರ.

ಇನ್ನು ಸೇವೆ ಕೊಡುವ ಜಾಗ. ನಮ್ಮ ಆಸ್ಪತ್ರೆಯಲ್ಲಿ ಕುಟುಂಬ ಯೋಜನೆಯ ಆಪ್ತಸಮಾಲೋಚಕಿಯ ಮೇಜು ಹೆರಿಗೆ ವಾರ್ಡಿಗೆ ಹೋಗುವ ಓಣಿಯಲ್ಲಿದೆ. ಮೇಜಿನ ಮೇಲೆ ಒಂದು ಟ್ರೇ. ಅದರಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಗರ್ಭಕೋಶದ ಮಾದರಿ, ತಾಮ್ರದ ತಂತಿ ಸುತ್ತಿದ ಒಂದು ಕಾಪರ್-ಟಿ, ಮಾತ್ರೆಗಳ ಖಾಲಿ ಪಟ್ಟಿಗಳು. ಹಿಂದಿನ ಗೋಡೆಯಲ್ಲಿ ಕುಟುಂಬ ಯೋಜನೆಯ ಗುರುತಾದ ತಲೆಕೆಳಗಾದ ಕೆಂಪು ತ್ರಿಕೋನ. ಸಮಾಲೋಚಕಿ ಒಳ್ಳೆಯವರು, ವಿಷಯ ಬಲ್ಲವರು. ಕಾಪರ್-ಟಿಯನ್ನು ನನ್ನ ಅಂಗೈಯಲ್ಲಿಟ್ಟು, ಎಷ್ಟು ಚಿಕ್ಕದು, ಎಷ್ಟು ಬಾಗುತ್ತದೆ ಎಂದು ಮುಟ್ಟಿ ನೋಡುವಂತೆ ಮಾಡಿದರು. ಅದೊಂದರಿಂದಲೇ ನನ್ನ ಅರ್ಧ ಭಯ ಹೋಯಿತು. ಆದರೆ ಅವರು ಮಾತಾಡುವಾಗ ಬೆನ್ನ ಹಿಂದೆ ಸ್ಕ್ಯಾನಿಂಗ್‌ಗೆ ಸಾಲು ನಿಂತವರು, ಊಟದ ಕ್ಯಾರಿಯರ್ ಹಿಡಿದ ಗಂಡಸರು, ವಾರ್ಡಿನ ಆಯಾ, ಎಲ್ಲರೂ ಓಡಾಡುತ್ತಿರುತ್ತಾರೆ. "ಬಿಳಿಮುಟ್ಟು ಇದೆಯೇ? ಹಿಂದೆ ಅಬಾರ್ಷನ್ ಆಗಿತ್ತೇ?" ಎಂಬ ಪ್ರಶ್ನೆಗಳನ್ನು ಕೇಳಲೇಬೇಕು, ಕಾಪರ್-ಟಿ ಹಾಕುವ ಮೊದಲು ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳದಿದ್ದರೆ ಅಪಾಯ. ಆದರೆ ಆ ಓಣಿಯಲ್ಲಿ ಅವಕ್ಕೆ ನಿಜವಾದ ಉತ್ತರ ಕೊಡುವ ಹೆಂಗಸು ಯಾರು? ಎಲ್ಲದಕ್ಕೂ "ಇಲ್ಲ" ಎಂದು ತಲೆಯಾಡಿಸಿ ಮುಗಿಸುತ್ತಾರೆ. ಒಂದು ಬಾಗಿಲಿರುವ ಕೋಣೆ, ಅದಾಗದಿದ್ದರೆ ಒಂದು ದಪ್ಪ ಪರದೆ, ಇಷ್ಟು ಬೇಕು. ಹೊರರೋಗಿ ವಿಭಾಗದ ಹೆಬ್ಬಾಗಿಲಲ್ಲಿ ಎಲ್ಲರ ಕಣ್ಣೆದುರಿಗೆ ತೂಗುಹಾಕಿರುವ ನಿರೋಧ್ ಪೆಟ್ಟಿಗೆಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಶೌಚಾಲಯದ ಪಕ್ಕದ ಗೋಡೆಗೆ ಸ್ಥಳಾಂತರಿಸಿದರೆ ಸಾಕು, ಜನ ತೆಗೆದುಕೊಳ್ಳುತ್ತಾರೆ.

ಎರಡನೆಯ ಹೆರಿಗೆಗೆ ದಾಖಲಾದಾಗ ನನಗೆ ಎದುರಾದದ್ದು ಇನ್ನೊಂದು ಬಗೆಯ ಕಷ್ಟ. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಆ ಅವಧಿ ತಪ್ಪಿದರೆ ಆರು ವಾರ ಕಾಯಬೇಕು. ಇದನ್ನು ಬಸುರಿದ್ದಾಗಲೇ, ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗಲೇ ಮಾತಾಡಿ ನಿರ್ಧರಿಸಬೇಕಾದದ್ದು. ನನ್ನ ಕಾರ್ಡಿನಲ್ಲಿ ನನ್ನ ಇಚ್ಛೆ ಬರೆಸಿಯೂ ಇದ್ದೆ. ಆದರೂ ವಾರ್ಡಿನಲ್ಲಿ ಸಿಗುತ್ತಿದ್ದುದು ಒಂದೇ ಸಲಹೆ: "ಎರಡಾಯ್ತಲ್ಲಮ್ಮ, ಆಪರೇಷನ್ ಮಾಡಿಸ್ಕೊಂಡ್‌ಬಿಡು, ಮತ್ತೆ ತಲೆನೋವೇ ಇರಲ್ಲ." ಒಂದು ಪಾಳಿಯ ಸಿಸ್ಟರ್ ಹೇಳಿ ಹೋದರೆ ಇನ್ನೊಂದು ಪಾಳಿಯವರು ಬಂದು ಅದನ್ನೇ ಹೇಳುತ್ತಿದ್ದರು. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಅದು ಅವರಿಗೆ ರೂಢಿ. ಹೆರಿಗೆಯ ನೋವು ಆರದ, ನಿದ್ದೆಯಿಲ್ಲದ ಬಾಣಂತಿಗೆ ಪದೇಪದೇ ಹೇಳಿದ ಸಲಹೆ ಸಲಹೆಯಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ. ಪಕ್ಕದ ಮಂಚದಲ್ಲಿದ್ದ, ನನಗಿಂತ ಬಹಳ ಚಿಕ್ಕವಳಾದ ತಾಯಿ ಹೂಂ ಎಂದಳು. ಆಕೆಗೆ ಛಾಯಾ, ಅಂತರಾ, ಕಾಪರ್-ಟಿ ಎಂಬ ಮೂರು ಹೆಸರುಗಳನ್ನು ಯಾರೂ ಹೇಳಿದ್ದು ನಾನು ಕೇಳಲಿಲ್ಲ.

ಸಮೀಕ್ಷೆಯ ಅಂಕಿಗಳನ್ನು ಆ ವಾರ್ಡಿನ ನೆನಪಿನೊಂದಿಗೆ ಓದಿದರೆ ಅವುಗಳ ಅರ್ಥ ತಿಳಿಯುತ್ತದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 57.4ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಈ ಪ್ರಮಾಣ ಶೇ 37.9. ನಮ್ಮ ರಾಜ್ಯದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1.7ಕ್ಕೆ ಇಳಿದಿದೆ ಎಂದು ಹೆಮ್ಮೆಯಿಂದ ಹೇಳುತ್ತೇವೆ, ಆದರೆ ಅದರ ಭಾರ ಹೊತ್ತಿರುವುದು ಹೆಣ್ಣಿನ ಹೊಟ್ಟೆಯ ಮೇಲಿನ ಹೊಲಿಗೆಯೇ. ಆಪರೇಷನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಲ್ಲ ಆಯ್ಕೆಗಳನ್ನು ಕೇಳಿ ತಿಳಿದು, ಇನ್ನು ಮಕ್ಕಳು ಬೇಡವೆಂದು ಗಟ್ಟಿಯಾಗಿ ನಿರ್ಧರಿಸಿದವಳಿಗೆ ಅದು ಉತ್ತಮ ವಿಧಾನ. ನನ್ನ ತಾಯಿಯೂ ಅದನ್ನೇ ಮಾಡಿಸಿಕೊಂಡವರು. ಆದರೆ ಬೇರೆ ಆಯ್ಕೆಗಳ ಹೆಸರನ್ನೇ ಕೇಳದವಳು ಅದನ್ನು ಆರಿಸಿಕೊಂಡಳು ಎಂದು ಹೇಳಲು ಬರುವುದಿಲ್ಲ.

ಈ ರೂಢಿಗೆ ಇತಿಹಾಸವಿದೆ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ತೆರೆದ ಇಂಥ ಚಿಕಿತ್ಸಾಲಯಗಳಲ್ಲಿ ಅವು ಜಗತ್ತಿನಲ್ಲೇ ಮೊದಲಿನವು ಎಂದು ಹೇಳುತ್ತಾರೆ. ಸ್ವತಂತ್ರ ಭಾರತ 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಮುಂದೆ ಸೇವೆಗಿಂತ ಗುರಿ ದೊಡ್ಡದಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ಸುಮಾರು 62 ಲಕ್ಷ ಗಂಡಸರಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಎಷ್ಟೋ ಕಡೆ ಬಲವಂತದಿಂದ. ಅದರ ಸಿಟ್ಟು ಸರ್ಕಾರವನ್ನೇ ಉರುಳಿಸಿದ ಮೇಲೆ ಗಂಡಸರನ್ನು ಮುಟ್ಟಲು ಯಾವ ಸರ್ಕಾರವೂ ಧೈರ್ಯ ಮಾಡಲಿಲ್ಲ. ಶಿಬಿರಗಳು ಹೆಂಗಸರ ಕಡೆ ತಿರುಗಿದವು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಒಬ್ಬರೇ ಶಸ್ತ್ರಚಿಕಿತ್ಸಕರು ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದರು. ಆ ದಿನಗಳಲ್ಲಿ ಆ ಜಿಲ್ಲೆಯಲ್ಲಿ ನಡೆದ ಶಿಬಿರಗಳ ಬಳಿಕ ಹದಿಮೂರು ಮಂದಿ ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು ಆದೇಶಿಸಿತು. ನಮ್ಮ ಆಸ್ಪತ್ರೆಯಲ್ಲಿ ಈಗ ನಿಗದಿತ ದಿನದಂದು, ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಆಪರೇಷನ್ ನಡೆಯುತ್ತದೆ. ಮೊದಲೇ ರಕ್ತ ಪರೀಕ್ಷೆ ಮಾಡುತ್ತಾರೆ, ನಂತರ ಮಂಚ ಕೊಡುತ್ತಾರೆ. ಈ ಸುಧಾರಣೆಯನ್ನು ಮನಸಾರೆ ಒಪ್ಪುತ್ತೇನೆ. ಕೊಠಡಿ ಬದಲಾಯಿತು, ಹೆರಿಗೆ ವಾರ್ಡಿನ ಮಾತು ಇನ್ನೂ ಶಿಬಿರದ ಕಾಲದ್ದೇ.

ಗಂಡನ ಸಹಿಯ ವಿಷಯವನ್ನು ಸ್ಪಷ್ಟವಾಗಿ ಬರೆಯಬೇಕು. ನಾನು ಕಾಪರ್-ಟಿ ಬೇಕೆಂದಾಗ ಮೊದಲು ಕೇಳಿದ್ದು, "ಯಜಮಾನ್ರು ಬಂದಿದಾರಾ? ಅವರ ಸೈನ್ ಬೇಕಲ್ಲ." ನನ್ನ ಪತಿ ಹೊರಗೇ ಇದ್ದರು, ಅವರ ಆಕ್ಷೇಪವೂ ಇರಲಿಲ್ಲ, ಆದರೂ ನಾನು ಕರೆಯಲಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೇ ಗಂಡನ ಅಥವಾ ಹೆಂಡತಿಯ ಒಪ್ಪಿಗೆ ಅಗತ್ಯವಿಲ್ಲವೆಂದು ಕೇಂದ್ರ ಆರೋಗ್ಯ ಇಲಾಖೆಯ ಮಾನದಂಡಗಳೇ ಹೇಳುತ್ತವೆ. ಹಾಗಿರುವಾಗ ಬೇಡವಾದ ದಿನ ತೆಗೆಸಬಹುದಾದ ಕಾಪರ್-ಟಿಗೆ ಅದು ಎಲ್ಲಿಂದ ಬಂತು ಎಂದು ಕೇಳಿದೆ. ಸಿಸ್ಟರ್ ಒಳಗೆ ಹೋಗಿ ಲೇಡಿ ಡಾಕ್ಟರನ್ನು ಕೇಳಿ ಬಂದು, ಇನ್ನೇನೂ ಹೇಳದೆ ನನ್ನ ಸಹಿ ಮಾತ್ರ ಪಡೆದರು. ನಾನು ಓದಿದವಳು, ಮಾತಾಡಬಲ್ಲೆ, ಆದ್ದರಿಂದ ಅಷ್ಟಕ್ಕೆ ಮುಗಿಯಿತು. ಗಂಡ ಒಪ್ಪದ, ಕುಡಿದು ಬಂದು ಹೊಡೆಯುವ ಮನೆಯಿಂದ ಬಂದ ಹೆಣ್ಣುಮಗಳು ಆ ಪ್ರಶ್ನೆಗೇ ಹಿಂದಿರುಗಿ ಹೋಗುತ್ತಾಳೆ, ಮತ್ತು ಈ ಸೇವೆ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಆಕೆಗೇ. ಮದುವೆಯಾಗದ ಹೆಣ್ಣುಮಕ್ಕಳ ಗತಿಯೂ ಇದೇ. ಚೀಟಿ ಬರೆಯುವಾಗ "ಗಂಡನ ಹೆಸರು?" ಎಂಬ ಪ್ರಶ್ನೆ ಕೇಳಿ ಅವರು ಔಷಧದ ಅಂಗಡಿಯ ದಾರಿ ಹಿಡಿಯುತ್ತಾರೆ. ಗರ್ಭಪಾತ ಕಾಯ್ದೆ 2021ರ ತಿದ್ದುಪಡಿಯಲ್ಲಿ ಗರ್ಭನಿರೋಧಕ ವಿಫಲವಾದ ಸಂದರ್ಭಕ್ಕೆ 'ವಿವಾಹಿತ ಮಹಿಳೆ ಅಥವಾ ಆಕೆಯ ಪತಿ' ಎಂದಿದ್ದ ಕಡೆ 'ಮಹಿಳೆ ಅಥವಾ ಆಕೆಯ ಸಂಗಾತಿ' ಎಂದು ಮಾಡಿತು; ಕಾಯ್ದೆ ನಡೆದಷ್ಟು ದೂರ ನಮ್ಮ ಚೀಟಿ ಕೌಂಟರ್ ಇನ್ನೂ ನಡೆದಿಲ್ಲ.

ಔಷಧದ ಅಂಗಡಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆಯನ್ನು 2005ರಿಂದ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. ಅಂಗಡಿಯವರು ಕಾಗದದಲ್ಲಿ ಸುತ್ತಿ ಬೇಗ ಕೊಟ್ಟುಬಿಡುತ್ತಾರೆ, ಆದರೆ ಅದು ತಿಂಗಳು ತಿಂಗಳೂ ನುಂಗುವ ಮಾತ್ರೆಯಲ್ಲವೆಂದು ಹೇಳುವುದಿಲ್ಲ. ಪಟ್ಟಣದ ನರ್ಸಿಂಗ್ ಹೋಮಿನಲ್ಲಿ ಕೋಣೆಗೆ ಬಾಗಿಲಿದೆ, ಮಾತಿಗೆ ಸಮಯವಿದೆ, ಶುಲ್ಕವೂ ಇದೆ. ಕೂಲಿಗೆ ಹೋಗುವ ಹೆಂಗಸಿಗೆ ಅದು ದಾರಿಯಲ್ಲ.

ಕಾಪರ್-ಟಿ ಹಾಕಿದ ವೈದ್ಯೆಯ ಕೆಲಸದ ಬಗ್ಗೆ ನನ್ನಲ್ಲಿ ಮೆಚ್ಚುಗೆಯಷ್ಟೇ ಇದೆ. ಪ್ರತಿ ಹಂತವನ್ನೂ ಮೊದಲು ಹೇಳಿ ಆಮೇಲೆ ಮಾಡಿದರು, ನೋವಾದರೆ ಕೈ ಎತ್ತಲು ಹೇಳಿದರು, ಎತ್ತಿದಾಗ ನಿಲ್ಲಿಸಿದರು. ಈ ಮಾದರಿ ಹತ್ತು ವರ್ಷ ಕೆಲಸ ಮಾಡುತ್ತದೆ ಎಂದೂ, ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ಸ್ರಾವವೂ ಹೊಟ್ಟೆನೋವೂ ಹೆಚ್ಚಾಗಬಹುದೆಂದೂ, ಆರು ವಾರದ ಬಳಿಕ ಬಂದು ತೋರಿಸಬೇಕೆಂದೂ ತಾವೇ ತಿಳಿಸಿದರು. ಹಾಗೆಯೇ ಸ್ರಾವ ಹೆಚ್ಚಾಯಿತು, ಹೇಳಿದಂತೆಯೇ ಕಡಿಮೆಯೂ ಆಯಿತು. ಮೊದಲೇ ಕೇಳಿದ್ದರಿಂದ ನಾನು ಹೆದರಲಿಲ್ಲ.

ಗಂಡಸರಿಗೆ ಆ ವಿಭಾಗದಲ್ಲಿ ಒಂದು ಕುರ್ಚಿಯೂ ಇಲ್ಲ. ಹೊಲಿಗೆಯಿಲ್ಲದ ವ್ಯಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣದ ಆಪರೇಷನ್, ಕೆಲವೇ ನಿಮಿಷಗಳದು, ಹೆಂಗಸಿನ ಆಪರೇಷನ್ನಿಗಿಂತ ಸರಳ, ಅಪಾಯವೂ ಕಡಿಮೆ. ಆದರೂ ಅದೇ ಸಮೀಕ್ಷೆಯಲ್ಲಿ ದೇಶದ ಅಂಕಿ ಶೇ 0.3, ಕರ್ನಾಟಕದ್ದು ದಶಾಂಶಕ್ಕೂ ಸಿಗದ ಸೊನ್ನೆ. ಹೆರಿಗೆ ವಾರ್ಡಿನ ಹೊರಗೆ ಕಾಯುತ್ತ ಕುಳಿತ ಗಂಡಸರ ಜತೆ ಮಾತಾಡಲು ಒಬ್ಬ ಪುರುಷ ಆರೋಗ್ಯ ಸಹಾಯಕರನ್ನು ವಾರಕ್ಕೊಂದು ದಿನ ಕೂರಿಸಿದರೂ ಒಂದು ಆರಂಭವಾಗುತ್ತದೆ.

ಇಂಥ ಸೇವೆಯ ಗುಣಮಟ್ಟವನ್ನು ಹಾಕಿಸಿಕೊಳ್ಳುವ ದಿನಕ್ಕಿಂತ ತೆಗೆಸಿಕೊಳ್ಳುವ ದಿನವೇ ಸರಿಯಾಗಿ ತೋರಿಸುತ್ತದೆ. ನನ್ನ ನಾದಿನಿಗೆ ಬೇರೆ ಜಿಲ್ಲೆಯ ಆಸ್ಪತ್ರೆಯಲ್ಲಿ ಕಾಪರ್-ಟಿ ಹಾಕಿದ್ದರು. ಸ್ರಾವ ತಡೆಯಲಾರದೆ ತೆಗೆಸಲು ಹೋದರೆ "ಇನ್ನೆರಡು ತಿಂಗಳು ತಡ್ಕೋಮ್ಮ, ಎಲ್ಲ ಸರಿಹೋಗುತ್ತೆ" ಎಂದು ಹಿಂದಕ್ಕೆ ಕಳಿಸಿದರು. ಎರಡು ತಿಂಗಳ ಬಳಿಕವೂ ಅದೇ ಮಾತು. ಕೊನೆಗೆ ಖಾಸಗಿ ವೈದ್ಯರಲ್ಲಿ ಹಣ ಕೊಟ್ಟು ತೆಗೆಸಿದೆವು. ಅದರ ಪರಿಣಾಮವಾಗಿ ನಾದಿನಿಯ ಮನೆಯ ಓಣಿಯ ಹೆಂಗಸರಲ್ಲಿ ಯಾರೂ ಈಗ ಕಾಪರ್-ಟಿಯ ಹೆಸರೆತ್ತುವುದಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಹಾಗಾಗಲಿಲ್ಲ: ನನ್ನ ಜತೆ ತಪಾಸಣೆಗೆ ಬಂದಿದ್ದ ಮಹಿಳೆಯೊಬ್ಬರು ತೆಗೆಯಲು ಕೇಳಿದಾಗ ವೈದ್ಯೆ ಸ್ರಾವಕ್ಕೆ ಮಾತ್ರೆ ಕೊಡಬಹುದೆಂದು ಒಮ್ಮೆ ತಿಳಿಸಿದರು, ಬೇಡವೆಂದಾಗ ಅಂದೇ ತೆಗೆದು, ಛಾಯಾ ಬರೆದುಕೊಟ್ಟು, ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಸಮಾಲೋಚಕಿಯಿಂದ ಕೇಳಿಕೊಂಡು ಹೋಗಲು ಹೇಳಿದರು. ಹೊಸದಾಗಿ ಹೋಗುವವರು ಹಾಕಿಸಿಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಿ: "ಬೇಡ ಅನ್ನಿಸಿದ ದಿನ ಇಲ್ಲೇ ತೆಗೆದುಕೊಡ್ತೀರಾ?" ಅದಕ್ಕೆ ಹೌದು ಎಂಬ ನೇರ ಉತ್ತರ ಬರದಿದ್ದರೆ, ಆ ದಿನ ಛಾಯಾದ ಒಂದು ಪಟ್ಟಿ ಪಡೆದುಕೊಂಡು ಬಂದು, ಬೇರೆ ಆಸ್ಪತ್ರೆಯಲ್ಲಿ ವಿಚಾರಿಸಿ.